ತಿರುವಿನಲ್ಲಿ ಮೊದಲು ಜಾರುವ ಚಕ್ರ: ಕುರ್ಲಾದಿಂದ ಕಲ್ಯಾಣದವರೆಗೆ ಒಂದು ಸಸ್ಪೆನ್ಷನ್ ಚರಿತ್ರೆ

2023ರ ಅಕ್ಟೋಬರ್ ಕೊನೆಯಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ರಸ್ತೆಗಳಿಂದ ನಿವೃತ್ತಿ ಪಡೆಯಿತು. 2003ರ ಅಕ್ಟೋಬರ್ 29ರಂದು ತಾಡದೇವ ಆರ್‌ಟಿಓದಲ್ಲಿ ನೋಂದಣಿಯಾದ ಕೊನೆಯ ಟ್ಯಾಕ್ಸಿಗೆ ಅಂದು ಇಪ್ಪತ್ತು ವರ್ಷ ತುಂಬಿತ್ತು. ಆ ವಾರ ಪತ್ರಿಕೆಗಳಲ್ಲಿ ಬಂದ ವಿದಾಯದ ಬರಹಗಳು ಅದರ ಕಪ್ಪು-ಹಳದಿ ಬಣ್ಣವನ್ನು, ಸ್ಟಿಯರಿಂಗ್ ಪಕ್ಕದ ಗೇರನ್ನು, ಒಳಮಾಡಿನ ಚಿತ್ತಾರವನ್ನು ನೆನೆದವು. ಆ ಕಾರು ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತಿತ್ತು, ಗ್ಯಾರೇಜುಗಳು ಅದರ ಸ್ವಭಾವವನ್ನು ಹೇಗೆ ಬದಲಿಸಿದವು ಎಂಬುದು ಮಾತ್ರ ಎಲ್ಲೂ ದಾಖಲಾಗಲಿಲ್ಲ. ಇಂದು ಠಾಣೆಯಲ್ಲಿ ಹೊಸ ಕಾರಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸುವ ತರುಣರಿಗೆ ಆ ಚರಿತ್ರೆಯಲ್ಲಿ ಒಂದು ಪಾಠವಿದೆ.

ಮೊದಲು ಎರಡು ಪದಗಳ ಹುಟ್ಟನ್ನು ನೋಡೋಣ. ರೋಲ್ಸ್ ರಾಯ್ಸ್‌ನಿಂದ 1930ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ಗೆ ಹೋದ ಮಾರಿಸ್ ಆಲಿ ಎಂಬ ಆಂಗ್ಲ ಎಂಜಿನಿಯರ್, ಭಾರದ ತುಂಡುಗಳನ್ನು ಹಿಂದೆ ಮುಂದೆ ಸರಿಸಬಹುದಾದ ಒಂದು ಪ್ರಯೋಗದ ಕಾರಿನಲ್ಲಿ ವರ್ಷಗಟ್ಟಲೆ ಪರೀಕ್ಷೆ ನಡೆಸಿದ. ಅಲ್ಲಿಯವರೆಗೆ ಸಸ್ಪೆನ್ಷನ್ ಎಂದರೆ ಪ್ರಯಾಣಿಕರ ಸುಖದ ವಿಷಯವಾಗಿತ್ತು. ಅದೇ ಕಾರಿನ ದಿಕ್ಕನ್ನೂ ನಿರ್ಧರಿಸುತ್ತದೆ ಎಂದು ತೋರಿಸಿಕೊಟ್ಟವರಲ್ಲಿ ಆಲಿ ಪ್ರಮುಖ. ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್ ಎಂಬ ಮಾತುಗಳು ಬಳಕೆಗೆ ಬಂದದ್ದು ಈ ಕೆಲಸದಿಂದ. ತಿರುವಿನಲ್ಲಿ ಮುಂದಿನ ಚಕ್ರಗಳು ಮೊದಲು ಹಿಡಿತ ಕಳೆದುಕೊಂಡರೆ ಕಾರು ನಾವು ತಿರುಗಿಸಿದ್ದಕ್ಕಿಂತ ಕಡಿಮೆ ತಿರುಗುತ್ತದೆ, ಅದು ಅಂಡರ್‌ಸ್ಟಿಯರ್. ಹಿಂದಿನವು ಮೊದಲು ಜಾರಿದರೆ ಹಿಂಭಾಗ ಹೊರಕ್ಕೆ ಬೀಸಿ ಕಾರು ಬೇಕಾದದ್ದಕ್ಕಿಂತ ಹೆಚ್ಚು ತಿರುಗುತ್ತದೆ, ಅದು ಓವರ್‌ಸ್ಟಿಯರ್.

ಎರಡೂ ಜಾರಿಕೆಯೇ ಆದರೂ ಅವು ಸಮಾನವಲ್ಲ. ವ್ಯತ್ಯಾಸವಿರುವುದು ಹೆದರಿದ ಮನುಷ್ಯನ ಪಾದದಲ್ಲಿ. ಗಾಬರಿಯಾದವನು ಮಾಡುವ ಮೊದಲ ಕೆಲಸ ಆಕ್ಸಿಲರೇಟರ್‌ನಿಂದ ಕಾಲೆತ್ತುವುದು. ಆಗ ಭಾರ ಮುಂದಕ್ಕೆ ವಾಲುತ್ತದೆ. ಮುಂಭಾಗ ಜಾರುತ್ತಿದ್ದರೆ ಅದಕ್ಕೆ ಹಿಡಿತ ಮರಳಿ, ವೇಗ ತಗ್ಗಿ, ಕಾರು ದಾರಿಗೆ ಬರುತ್ತದೆ. ಹಿಂಭಾಗ ಜಾರುತ್ತಿದ್ದರೆ ಅಲ್ಲಿದ್ದ ಅಲ್ಪಸ್ವಲ್ಪ ಭಾರವೂ ಹೋಗಿ ಕಾರು ಗಿರಕಿ ಹೊಡೆಯುತ್ತದೆ. ಆದ್ದರಿಂದಲೇ ಜನಸಾಮಾನ್ಯರ ಕಾರನ್ನು ರೂಪಿಸುವವರು ಮುಂಭಾಗವೇ ಮೊದಲು ಜಾರುವಂತೆ ಬೇಕೆಂದೇ ವ್ಯವಸ್ಥೆ ಮಾಡಿರುತ್ತಾರೆ.

ಆ ವ್ಯವಸ್ಥೆಯ ಹಿಂದೆ ಸರಳವಾದ ಒಂದು ಲೆಕ್ಕವಿದೆ. 900 ಕಿಲೋ ತೂಕದ, ಎಡಬಲ ಚಕ್ರಗಳ ನಡುವೆ 1.25 ಮೀಟರ್ ಅಂತರವಿರುವ, ಗುರುತ್ವಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿರುವ ಕಾರನ್ನು ಕಲ್ಪಿಸಿಕೊಳ್ಳಿ. ತನ್ನ ತೂಕದ ಅರ್ಧದಷ್ಟು ಪಾರ್ಶ್ವಬಲ ಬೀಳುವ ತಿರುವಿನಲ್ಲಿ ಸುಮಾರು 200 ಕಿಲೋ ಭಾರ ಒಳಚಕ್ರಗಳಿಂದ ಹೊರಚಕ್ರಗಳಿಗೆ ದಾಟುತ್ತದೆ. ಸ್ಪ್ರಿಂಗ್ ಎಷ್ಟೇ ಗಟ್ಟಿಯಾಗಿದ್ದರೂ ಈ ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ. ಸ್ಪ್ರಿಂಗ್ ನಿರ್ಧರಿಸುವುದು ಆ ವರ್ಗಾವಣೆಯಲ್ಲಿ ಮುಂಭಾಗದ ಪಾಲೆಷ್ಟು, ಹಿಂಭಾಗದ ಪಾಲೆಷ್ಟು ಎಂಬುದನ್ನು; ಯಾವ ತುದಿ ಗಟ್ಟಿಯೋ ಅದಕ್ಕೆ ದೊಡ್ಡ ಪಾಲು. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಬೆಳೆಯುತ್ತದೆ. ಹೀಗಾಗಿ ತಲಾ 225 ಕಿಲೋ ಹೊತ್ತ ಎರಡು ಟೈರುಗಳ ಒಟ್ಟು ಹಿಡಿತಕ್ಕಿಂತ, 325 ಮತ್ತು 125 ಕಿಲೋ ಹೊತ್ತ ಜೋಡಿಯ ಹಿಡಿತ ಕಡಿಮೆ. ಮುಂಭಾಗ ಗಟ್ಟಿಯಾದರೆ ಅಂಡರ್‌ಸ್ಟಿಯರ್ ಕಡೆಗೆ, ಹಿಂಭಾಗ ಗಟ್ಟಿಯಾದರೆ ಓವರ್‌ಸ್ಟಿಯರ್ ಕಡೆಗೆ ಕಾರು ಒಲಿಯುವುದು ಈ ಕಾರಣಕ್ಕೆ.

ಈಗ ಪದ್ಮಿನಿಗೆ ಮರಳೋಣ. ವಾಲಚಂದ ಹಿರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್‌ನ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ತಯಾರಾದ ಫಿಯಟ್ 1100 ಡಿ ಕಾರೇ ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಸಿಸಿ ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಮುಂದೆ ಪ್ರತಿ ಚಕ್ರಕ್ಕೂ ಸ್ವತಂತ್ರವಾದ ವಿಶ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗ್. ಹಿಂದೆ ಎತ್ತಿನ ಗಾಡಿಯ ಇರಸನ್ನು ನೆನಪಿಸುವ ಒಂದೇ ಆಕ್ಸಲ್, ಅದರ ಎರಡೂ ಬದಿಗೆ ಲೀಫ್ ಸ್ಪ್ರಿಂಗಿನ ಪಟ್ಟಿಗಳು. ಇಟಲಿಯ ಎಂಜಿನಿಯರುಗಳು ನಾಲ್ಕು ಜನ ಮತ್ತು ಒಂದಷ್ಟು ಪೆಟ್ಟಿಗೆಗಳ ಲೆಕ್ಕದಲ್ಲಿ ತೂಗಿಸಿದ ಕಾರು ಇದು.

ನಮ್ಮಲ್ಲಿ ಅದು ಹೊತ್ತದ್ದು ಅದಕ್ಕಿಂತ ಬಹಳ ಹೆಚ್ಚು. ಬೇಸಿಗೆ ರಜೆಯಲ್ಲಿ ಖಂಡಾಳ, ಖಂಬಾಟಕಿ ಘಾಟುಗಳನ್ನು ದಾಟಿ ಬೆಳಗಾವಿ, ಹುಬ್ಬಳ್ಳಿಗೆ, ಅಥವಾ ಕಶೇಡಿ, ಪರಶುರಾಮ ಘಾಟುಗಳ ಮೂಲಕ ಕರಾವಳಿಗೆ ಹೋದ ನಮ್ಮ ಹಿರಿಯರ ಫಿಯಟ್‌ಗಳಲ್ಲಿ ಹಿಂದಿನ ಸೀಟಿನ ಮೇಲೂ ಮಾಡಿನ ಕ್ಯಾರಿಯರ್ ಮೇಲೂ ಸಂಸಾರವೇ ಇರುತ್ತಿತ್ತು. ಟ್ಯಾಕ್ಸಿಗಳ ಪಾಡು ಇನ್ನೂ ಕಠಿಣ. ಈ ಶತಮಾನದ ಆರಂಭದ ಹೊತ್ತಿಗೆ ಹೈಕೋರ್ಟಿನ ಆದೇಶಗಳ ಬೆನ್ನಲ್ಲೇ ಅವು ಸಿಎನ್‌ಜಿಗೆ ಬದಲಾದಾಗ ಡಿಕ್ಕಿಯೊಳಗೆ ಭಾರವಾದ ಉಕ್ಕಿನ ಸಿಲಿಂಡರ್ ಕುಳಿತಿತು. ಅಲ್ಲಿರಬೇಕಾದ ಸಾಮಾನು ಮಾಡಿನ ಮೇಲೇರಿ ಗುರುತ್ವಕೇಂದ್ರವೂ ಮೇಲೇರಿತು.

ಹಿಂಭಾಗ ಕುಸಿದ ಕಾರಿಗೆ ಗ್ಯಾರೇಜಿನ ಪರಿಹಾರ ಒಂದೇ: ಇನ್ನೊಂದು ಪಟ್ಟಿ ಸೇರಿಸುವುದು, ಇಲ್ಲವೆ ಇರುವ ಪಟ್ಟಿಗಳನ್ನು ಮತ್ತೆ ಬಾಗಿಸುವುದು. ಭಾರ ಹೊರುವ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ತಿರುವಿನ ದೃಷ್ಟಿಯಿಂದ ಅಲ್ಲಿ ಎರಡು ಬದಲಾವಣೆಗಳಾಗುತ್ತವೆ. ಹಿಂಭಾಗ ಗಟ್ಟಿಯಾಗಿ ಭಾರ ವರ್ಗಾವಣೆಯ ದೊಡ್ಡ ಪಾಲು ಹಿಂದಿನ ಟೈರುಗಳಿಗೆ ಬರುತ್ತದೆ. ಜೊತೆಗೆ, ಪಟ್ಟಿಯ ಕಮಾನು ಹೆಚ್ಚಿದಾಗ ಅದರ ಮುಂದಿನ ಕೀಲು ಆಕ್ಸಲ್‌ಗಿಂತ ಮೇಲೇರುತ್ತದೆ. ಆಗ ಕಾರು ವಾಲಿದಂತೆ ಹೊರಬದಿಯ ಚಕ್ರ ತುಸು ಹಿಂದಕ್ಕೆ ಸರಿದು, ಹಿಂದಿನ ಆಕ್ಸಲ್ ತಾನಾಗಿ ತಿರುವಿನ ಹೊರಕ್ಕೆ ಮುಖ ಮಾಡುತ್ತದೆ. ಎರಡೂ ಓವರ್‌ಸ್ಟಿಯರ್‌ನತ್ತಲೇ ಒಯ್ಯುವ ದಾರಿಗಳು. ನಗರದ ಸಿಗ್ನಲ್‌ಗಳ ನಡುವೆ ಇದು ಅರಿವಿಗೆ ಬರದು. ಸಾಮಾನು ಇಳಿಸಿ ಖಾಲಿಯಾಗಿ, ಮಳೆಯಲ್ಲಿ ಘಾಟಿ ಇಳಿಯುವಾಗ ಬರುತ್ತದೆ.

ಇಂಥ ತಪ್ಪನ್ನು ಕಾರ್ಖಾನೆಯೇ ಮಾಡಿದ ಪ್ರಸಂಗವೂ ಉಂಟು. 1960ರಲ್ಲಿ ಬಂದ ಷೆವರ್ಲೆ ಕೋರ್ವೇರ್ ಕಾರಿನ ಎಂಜಿನ್ ಹಿಂದಿತ್ತು. ಹಿಂದಿನ ಚಕ್ರಗಳನ್ನು ಹೊತ್ತ ಸ್ವಿಂಗ್ ಆಕ್ಸಲ್ ತೀವ್ರ ತಿರುವಿನಲ್ಲಿ ಚಕ್ರವನ್ನು ಕಾರಿನಡಿಗೆ ಮಡಚಿಕೊಳ್ಳುವಂಥದ್ದು. ಅದನ್ನು ಸರಿತೂಗಿಸಲು ಕಂಪನಿ ಮುಂದಿನ ಟೈರಿಗೆ 15, ಹಿಂದಿನದಕ್ಕೆ 26 ಪೌಂಡ್ ಗಾಳಿ ಹಾಕಲು ಸೂಚಿಸಿತ್ತು. ಅಂದರೆ ಕಾರಿನ ಸ್ಥಿರತೆಯನ್ನು ಪೆಟ್ರೋಲ್ ಬಂಕಿನ ಗಾಳಿ ತುಂಬುವ ಹುಡುಗನ ಕೈಗೆ ಕೊಟ್ಟಂತಾಯಿತು. 1964ರ ಮಾದರಿಗೆ ಮುಂದೊಂದು ಆ್ಯಂಟಿ-ರೋಲ್ ಬಾರ್ ಸೇರಿತು. 1965ಕ್ಕೆ ಹಿಂದಿನ ಸಸ್ಪೆನ್ಷನ್ನೇ ಬದಲಾಯಿತು. ಅದೇ ವರ್ಷ ರಾಲ್ಫ್ ನೇಡರ್ ಅವರ ಪುಸ್ತಕ ಈ ಕಾರನ್ನು ಜಗತ್ತಿನ ಮುಂದೆ ಕಟಕಟೆಗೆ ತಂದಿತು. 1972ರ ಸರಕಾರಿ ವರದಿ, ಆ ಕಾಲದ ಇತರ ಕಾರುಗಳಿಗಿಂತ ಅದು ಕೆಟ್ಟದ್ದಲ್ಲ ಎಂದದ್ದೂ ನಿಜ. ಆದರೆ ವಾಹನದ ಸುರಕ್ಷತೆಯ ಚರ್ಚೆ ಅಷ್ಟರಲ್ಲಿ ಚಾಲಕನನ್ನು ದಾಟಿ ಸಸ್ಪೆನ್ಷನ್‌ವರೆಗೆ ಬಂದಾಗಿತ್ತು.

ನಮ್ಮಲ್ಲಿ ಕಾರಿನ ಸ್ವಭಾವ ಬದಲಾದದ್ದು 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ. ಎಂಜಿನ್ನೂ ಚಾಲನೆಯೂ ಮುಂದೆ ಸೇರಿದ್ದರಿಂದ ಅಂಡರ್‌ಸ್ಟಿಯರ್ ಸಹಜವಾಯಿತು. ತೊಂಬತ್ತರ ದಶಕದಲ್ಲಿ ನಮ್ಮದೇ ಕಲ್ಯಾಣ-ಡೊಂಬಿವಲಿ ಪರಿಸರದಲ್ಲಿ ಪ್ರೀಮಿಯರ್ ಮತ್ತು ಪ್ಯೂಜೋ ಜೊತೆಗೂಡಿ ಪ್ಯೂಜೋ 309 ತಯಾರಿಸಿದವು. ಮುಂದೆ ಸ್ಟ್ರಟ್, ಹಿಂದೆ ಟಾರ್ಷನ್ ಬಾರ್ ಇದ್ದ ಈ ಕಾರು ಹೊಂಡಗಳನ್ನು ಸರಾಗವಾಗಿ ನುಂಗುತ್ತಿತ್ತು. ಸ್ವಾರಸ್ಯವೆಂದರೆ, ಯುರೋಪಿನಲ್ಲಿ ಇದೇ ಕಾರಿನ ಗಟ್ಟಿಗೊಳಿಸಿದ ಜಿಟಿಐ ರೂಪ, ತಿರುವಿನ ನಡುವೆ ಕಾಲೆತ್ತಿದರೆ ಬಾಲ ಬೀಸುವುದಕ್ಕೆ ಹೆಸರಾಗಿತ್ತು. ಮುಂಚಕ್ರ ಚಾಲನೆಯ ಕಾರು ಓವರ್‌ಸ್ಟಿಯರ್ ಆಗಲಾರದು ಎಂಬ ನಂಬಿಕೆಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಈ ಮಾತು ಇಂದು ಏಕೆ ಮುಖ್ಯವೆಂದರೆ, ನಾನು ವಾಸಿಸುವ ವರ್ತಕ ನಗರದಿಂದ ಘೋಡಬಂದರ್ ರಸ್ತೆಯ ಗಾಯಮುಖ ಘಾಟಿಯೂ ಉಪವನದಿಂದ ಯೇವೂರಿಗೆ ಏರುವ ತಿರುವುಗಳೂ ದೂರವಿಲ್ಲ. ಗಟ್ಟಿ ಸ್ಪ್ರಿಂಗ್, ತಗ್ಗಿಸಿದ ಕಾರು, ಹಿಂದೊಂದು ದಪ್ಪ ಆ್ಯಂಟಿ-ರೋಲ್ ಬಾರ್ ಈಗ ಸುಲಭವಾಗಿ ಸಿಗುತ್ತವೆ. ಇವು ಕಾರು ವಾಲುವುದನ್ನು ಕಡಿಮೆ ಮಾಡುತ್ತವೆ, ಸ್ಟಿಯರಿಂಗ್ ಚುರುಕಾಗುತ್ತದೆ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಲಾಭವಿದೆ. ಆದರೆ ಕಡಿಮೆ ವಾಲುವುದೆಂದರೆ ಹೆಚ್ಚು ಹಿಡಿತವೆಂದಲ್ಲ. ತಗ್ಗಿಸಿದ ಕಾರಿನಲ್ಲಿ ಚಕ್ರ ಮೇಲೇಳುವ ಜಾಗ ಕಡಿಮೆ. ತಿರುವಿನ ನಡುವೆ ಹೊಂಡ ಬಂದರೆ ಸಸ್ಪೆನ್ಷನ್ ರಬ್ಬರ್ ತಡೆಗೆ ಬಡಿದು ಕ್ಷಣಮಾತ್ರದಲ್ಲಿ ಕಲ್ಲಿನಂತಾಗುತ್ತದೆ. ಅದು ಹಿಂದಿನ ಚಕ್ರವಾದರೆ ಬಾಲ ಬೀಸುವುದು ಎಚ್ಚರಿಕೆಯಿಲ್ಲದೆ. ವಾಲುವ ಕಾರು ಚಾಲಕನಿಗೆ ಮೊದಲೇ ಹೇಳುತ್ತದೆ, ಗಟ್ಟಿಗೊಳಿಸಿದ ಕಾರು ಕೊನೆಯಲ್ಲಿ ಹೇಳುತ್ತದೆ.

ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟುಗಳನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ಕಾನೂನನ್ನು ಬದಿಗಿಟ್ಟರೂ, ಎಲ್ಲರ ಕೈಗೆಟುಕುವ ಕೆಲವು ಕೆಲಸಗಳಿವೆ. ಸವೆದ ಶಾಕ್ ಅಬ್ಸಾರ್ಬರ್ ಬದಲಿಸುವಾಗ ಆ ಆಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಿಸಿ. ಊರಿಗೆ ಹೊರಡುವಾಗ ಪೂರ್ಣ ಭಾರಕ್ಕೆ ಬಾಗಿಲ ಬಳಿ ಬರೆದಿರುವಷ್ಟು ಗಾಳಿಯನ್ನು ಹಿಂದಿನ ಟೈರಿಗೆ ತುಂಬಿಸಿ. ಎರಡೇ ಹೊಸ ಟೈರು ಕೊಳ್ಳುವುದಾದರೆ, ಮುಂಚಕ್ರ ಚಾಲನೆಯ ಕಾರಾದರೂ, ಅವನ್ನು ಹಿಂದಕ್ಕೇ ಹಾಕಿಸಿ. ಸಸ್ಪೆನ್ಷನ್ನಿಗೆ ಏನನ್ನಾದರೂ ಸೇರಿಸಲು ಹೊರಟವರು ಗ್ಯಾರೇಜಿನಲ್ಲಿ ಬೆಲೆ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದಾದ ಮೇಲೆ ತಿರುವಿನಲ್ಲಿ ಮೊದಲು ಜಾರುವ ಚಕ್ರ ಯಾವುದು? ಇದಕ್ಕೆ ಉತ್ತರ ಹೇಳಲಾರದ ಗ್ಯಾರೇಜಿಗೆ ಕಾರನ್ನು ಒಪ್ಪಿಸದಿರುವುದೇ ಮೇಲು.