‘ಸ್ಟಾರ್ ವಾರ್ಸ್’ ಪೂರ್ವಕಥೆ: ಗಣರಾಜ್ಯವನ್ನು ಕೊಂದವರು ಯಾರು?

1999ರ ಮೇ ತಿಂಗಳಲ್ಲಿ ಅಮೆರಿಕದ ಅನೇಕ ಚಿತ್ರಮಂದಿರಗಳ ಮುಂದೆ ಜನ ದಿನಗಟ್ಟಲೆ ಕಾದು ಕುಳಿತಿದ್ದರು. ಜಾರ್ಜ್ ಲ್ಯೂಕಾಸ್ ಅವರ ‘ದಿ ಫ್ಯಾಂಟಮ್ ಮೆನೇಸ್’ ಬಿಡುಗಡೆಯಾಗುವುದಿತ್ತು. 1977, 1980 ಮತ್ತು 1983ರಲ್ಲಿ ಬಂದ ಮೂರು ‘ಸ್ಟಾರ್ ವಾರ್ಸ್’ ಚಿತ್ರಗಳಿಗೆ ಹಿಂದಿನ ಕಥೆ ಅದು. ಆದರೆ ಚಿತ್ರ ನೋಡಿ ಹೊರಬಂದ ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿ ಮುಖ ಸಿಂಡರಿಸಿದರು. ವ್ಯಾಪಾರ ಮಾರ್ಗಗಳ ಮೇಲಿನ ತೆರಿಗೆಯ ಜಗಳ, ಮುಗಿಯದ ಸೆನೆಟ್ ಕಲಾಪ, ಜಾರ್ ಜಾರ್ ಬಿಂಕ್ಸ್ ಎಂಬ ಎಡವಟ್ಟು ಜೀವಿಯ ಕೋಡಂಗಿತನ - ಇದಕ್ಕಾಗಿಯೇ ನಾವು ಹದಿನಾರು ವರ್ಷ ಕಾದದ್ದು ಎಂದು ಅವರು ಕೇಳಿದರು. 2002ರ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’ ಮತ್ತು 2005ರ ‘ರಿವೆಂಜ್ ಆಫ್ ದಿ ಸಿತ್’ ಬಂದ ಬಳಿಕವೂ ಆ ಸಿಟ್ಟು ಪೂರ್ತಿ ತಣಿಯಲಿಲ್ಲ.

ಈ ಆಕ್ಷೇಪಗಳಲ್ಲಿ ಸತ್ಯವಿಲ್ಲವೆಂದಲ್ಲ. ಪ್ರೇಮದ ಸಂಭಾಷಣೆಗಳು ಮರದ ಗೊಂಬೆಗಳ ಮಾತಿನಂತಿವೆ. ಕೆಲವು ಪಾತ್ರಗಳ ಉಚ್ಚಾರ ಮತ್ತು ಚಹರೆಗಳು ಯಹೂದಿ, ಅರಬ್, ಏಷ್ಯನ್ ಹಾಗೂ ಕೆರಿಬಿಯನ್ ಜನರನ್ನು ಅಣಕಿಸುವಂತಿವೆ ಎಂಬ ಟೀಕೆ ಅಂದೇ ಬಂದಿತ್ತು. ಅದನ್ನು ತಳ್ಳಿಹಾಕಲಾಗದು. ಆದರೆ ಅಭಿಮಾನಿಗಳಿಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದ ಆ ಸೆನೆಟ್ ದೃಶ್ಯಗಳೇ ಈ ಚಿತ್ರಗಳ ಜೀವಾಳ ಎಂಬುದು ನನ್ನ ವಾದ.

ಮೊದಲ ಮೂರು ಚಿತ್ರಗಳಲ್ಲಿ ಸಾಮ್ರಾಜ್ಯ ಆಗಲೇ ಇದೆ. ಒಳ್ಳೆಯವರು ಇತ್ತ, ಕೆಟ್ಟವರು ಅತ್ತ. ಇನ್ನುಳಿದದ್ದು ಹೋರಾಟ ಮಾತ್ರ. ಪೂರ್ವಕಥೆ ಕೇಳುವುದು ಅದಕ್ಕಿಂತ ಕಷ್ಟದ ಪ್ರಶ್ನೆ: ಈ ಸಾಮ್ರಾಜ್ಯ ಬಂದದ್ದಾದರೂ ಎಲ್ಲಿಂದ? ಹೊರಗಿನ ಶತ್ರು ದಂಡೆತ್ತಿ ಬಂದು ಗಣರಾಜ್ಯವನ್ನು ಕೆಡವಲಿಲ್ಲ. ತನ್ನ ನಾಡಿಗೆ ದಿಗ್ಬಂಧನವಾದಾಗ ನ್ಯಾಯ ಕೇಳಿ ಬಂದ ಎಳೆಯ ರಾಣಿ ಅಮಿಡಾಲಾಳೇ ಸೆನೆಟ್‌ನಲ್ಲಿ ಅವಿಶ್ವಾಸ ಮತಕ್ಕೆ ಕರೆ ಕೊಡುತ್ತಾಳೆ. ಪಾಲ್ಪಟೀನ್‌ಗೆ ಅಧಿಕಾರದ ಬಾಗಿಲು ತೆರೆಯುತ್ತದೆ. ಎರಡನೆಯ ಚಿತ್ರದಲ್ಲಿ ಅವನಿಗೆ ತುರ್ತು ಅಧಿಕಾರ ಕೊಡಬೇಕೆಂದು ಸೂಚಿಸುವವನು ಯಾರು? ಎಲ್ಲರೂ ನಕ್ಕು ಕಡೆಗಣಿಸಿದ ಅದೇ ಜಾರ್ ಜಾರ್. ಮೂರನೆಯದರಲ್ಲಿ ಪಾಲ್ಪಟೀನ್ ಸಾಮ್ರಾಜ್ಯವನ್ನು ಘೋಷಿಸುವಾಗ ಸದನ ಚಪ್ಪಾಳೆ ತಟ್ಟುತ್ತದೆ. ಯುದ್ಧದ ಎರಡೂ ಪಕ್ಷಗಳನ್ನು ತೆರೆಮರೆಯಲ್ಲಿ ನಡೆಸುತ್ತಿದ್ದವನು ಅವನೇ ಎಂಬುದು ಬಹುತೇಕರಿಗೆ ತಿಳಿದೇ ಇಲ್ಲ.

ಇದು ಕೇವಲ ಕಲ್ಪನೆಯೇ? ಕ್ರಿ.ಪೂ. 44ರಲ್ಲಿ ರೋಮಿನ ಸೆನೆಟರುಗಳು ಜೂಲಿಯಸ್ ಸೀಸರನನ್ನು ಕೊಂದರು, ಗಣರಾಜ್ಯ ಉಳಿಯಿತೆಂದುಕೊಂಡರು. ಕ್ರಿ.ಪೂ. 27ರಲ್ಲಿ ಅದೇ ಸೆನೆಟ್ ಅವನ ದತ್ತುಪುತ್ರನಿಗೆ ‘ಅಗಸ್ಟಸ್’ ಎಂಬ ಬಿರುದನ್ನಿತ್ತು ತಲೆಬಾಗಿತು. ಕ್ರಾಂತಿ ಮಾಡಿ ರಾಜನನ್ನು ಕೊಂದ ಫ್ರಾನ್ಸ್ 1804ರಲ್ಲಿ ನೆಪೋಲಿಯನ್‌ನನ್ನು ಚಕ್ರವರ್ತಿಯನ್ನಾಗಿ ಒಪ್ಪಿಕೊಂಡಿತು. ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಬಿದ್ದು ಒಂದು ತಿಂಗಳು ತುಂಬುವ ಮೊದಲೇ, 1933ರ ಮಾರ್ಚ್ 23ರಂದು, ಹಿಟ್ಲರನ ಸರಕಾರಕ್ಕೆ ಶಾಸನ ಮಾಡುವ ಅಧಿಕಾರವನ್ನೇ ಒಪ್ಪಿಸುವ ಮಸೂದೆ 444 - 94 ಮತಗಳಿಂದ ಅಂಗೀಕಾರವಾಯಿತು. ಬೆದರಿಕೆ ಇತ್ತು, ಕಮ್ಯುನಿಸ್ಟ್ ಸದಸ್ಯರನ್ನು ಹೊರಗಿಡಲಾಗಿತ್ತು, ನಿಜ. ಆದರೂ ಕೈಯೆತ್ತಿದವರು ಜನಪ್ರತಿನಿಧಿಗಳೇ. ಪ್ರಜಾಪ್ರಭುತ್ವ ಸರ್ವಾಧಿಕಾರವಾಗುವ ಬಗೆ ತಮ್ಮನ್ನು ವಿಯೆಟ್ನಾಂ ಯುದ್ಧದ ಕಾಲದಿಂದಲೇ ಕಾಡಿತ್ತೆಂದು ಲ್ಯೂಕಾಸ್ 2005ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಹೇಳಿದ್ದರು. ಎರಡನೆಯ ಚಿತ್ರದ ಮುಖ್ಯ ಚಿತ್ರೀಕರಣ ನಡೆದದ್ದು 2000ದಲ್ಲಿ. ಅದು ತೆರೆಗೆ ಬರುವಷ್ಟರಲ್ಲಿ 2001ರ ಸೆಪ್ಟೆಂಬರ್ 11 ಕಳೆದಿತ್ತು. ಭಯದ ಹೆಸರಿನಲ್ಲಿ ಸ್ವಾತಂತ್ರ್ಯಕ್ಕೆ ಕತ್ತರಿ ಹಾಕುವ ಕಾನೂನು ಅಮೆರಿಕದಲ್ಲೇ ಬಂದಿತ್ತು.

ಗುಲಾಮಗಿರಿಯ ಮಾತೂ ಇಲ್ಲಿದೆ. ಮುಂದೆ ಕ್ರೂರಿ ಡಾರ್ತ್ ವೇಡರ್ ಆಗುವ ಅನಾಕಿನ್ ನಮಗೆ ಮೊದಲು ಕಾಣುವುದು ಒಂಬತ್ತು ವರ್ಷದ ಗುಲಾಮ ಬಾಲಕನಾಗಿ. ಅವನ ಮರಳುನಾಡಿನ ಗ್ರಹಕ್ಕೆ ಹೆಸರು ಬಂದದ್ದು ಟ್ಯುನೀಷಿಯಾದ ತತಾವಿನ್ ಪಟ್ಟಣದಿಂದ. ಗುಲಾಮರ ಕೇರಿಯ ದೃಶ್ಯಗಳನ್ನು ಅಲ್ಲಿನ ಬರ್ಬರ್ ಜನರ ಹಳೆಯ ಕಣಜಗಳಾದ ಕ್ಸಾರ್ ಹದಾದಾದಂತಹ ಕಡೆ ಚಿತ್ರೀಕರಿಸಲಾಯಿತು. ಜೆಡೈ ಯೋಧರು ಬಾಲಕನನ್ನು ಬಿಡಿಸಿಕೊಂಡು ಹೋಗುತ್ತಾರೆ, ತಾಯಿಯನ್ನು ಗುಲಾಮಳಾಗಿಯೇ ಬಿಟ್ಟುಹೋಗುತ್ತಾರೆ. ಗಣರಾಜ್ಯದ ಕಾವಲುಗಾರರೆಂದು ಬೀಗುವವರಿಗೆ ಅವಳನ್ನು ಬಿಡಿಸಲು ಮುಂದೆ ಹತ್ತು ವರ್ಷ ಬಿಡುವಾಗುವುದಿಲ್ಲ. ಬಳಿಕ ಅದೇ ಜೆಡೈಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ತಯಾರಾದ ಸೈನಿಕರನ್ನು, ಯಾರು ಮಾಡಿಸಿದರೆಂದು ಸರಿಯಾಗಿ ವಿಚಾರಿಸದೆ, ಯುದ್ಧಕ್ಕೆ ನಡೆಸುತ್ತಾರೆ. ಆ ಸೈನಿಕರೇ ಕೊನೆಗೆ ಅವರ ಕಡೆಗೆ ಬಂದೂಕು ತಿರುಗಿಸುತ್ತಾರೆ. ಅನ್ಯಾಯವನ್ನು ಅನುಕೂಲಕ್ಕಾಗಿ ಸಹಿಸಿಕೊಂಡವರು ಅದಕ್ಕೇ ಬಲಿಯಾಗುತ್ತಾರೆ ಎಂಬ ಪಾಠ ಇದಕ್ಕಿಂತ ನೇರವಾಗಿ ಬೇಕೆ?

ಅಭಿಮಾನಿಗಳ ಕೋಪಕ್ಕೂ ಒಂದು ಬೆಲೆ ತೆರಬೇಕಾಯಿತು. ತೆತ್ತವರು ಲ್ಯೂಕಾಸ್ ಅಲ್ಲ. ಜಾರ್ ಜಾರ್ ಪಾತ್ರದ ನಟ ಅಹ್ಮದ್ ಬೆಸ್ಟ್, ಆ ನಿಂದೆ ತಾಳಲಾರದೆ ಒಮ್ಮೆ ಸಾಯಲು ಯೋಚಿಸಿದ್ದಾಗಿ 2018ರಲ್ಲಿ ಹೇಳಿಕೊಂಡರು. ಅನಾಕಿನ್ ಆಗಿದ್ದ ಬಾಲನಟ ಶಾಲೆಯಲ್ಲಿ ಮಕ್ಕಳ ಗೇಲಿಗೆ ಗುರಿಯಾದ. ಒಂದು ಚಲನಚಿತ್ರವನ್ನು ಪ್ರೀತಿಸುವವರು ಮನುಷ್ಯರನ್ನು ಹೀಗೆ ನಡೆಸಿಕೊಂಡರೆ ಆ ಪ್ರೀತಿಗೆ ಏನು ಅರ್ಥ?

ಕಾಲ ತೀರ್ಪನ್ನು ಸ್ವಲ್ಪ ತಿದ್ದಿದೆ. ಈ ಚಿತ್ರಗಳನ್ನು ಚಿಕ್ಕಂದಿನಲ್ಲಿ ನೋಡಿದವರು ಬೆಳೆದರು. ಅಹ್ಮದ್ ಬೆಸ್ಟ್ 2023ರಲ್ಲಿ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯಲ್ಲಿ ಜೆಡೈ ಯೋಧನಾಗಿ ಮರಳಿದಾಗ ಅವರನ್ನು ಸಂಭ್ರಮದಿಂದ ಸ್ವಾಗತಿಸಲಾಯಿತು. 2024ರಲ್ಲಿ ‘ದಿ ಫ್ಯಾಂಟಮ್ ಮೆನೇಸ್’ 25ನೇ ವರ್ಷದ ನೆನಪಿಗೆ ಮತ್ತೆ ತೆರೆ ಕಂಡಿತು.

1977ರ ಚಿತ್ರ ನೋಡಿದ ಮಕ್ಕಳಿಗೆ ಕೆಡುಕು ಕಪ್ಪು ಮುಖವಾಡ ತೊಟ್ಟು ಬಂದಿತ್ತು, ಗುರುತಿಸುವುದು ಸುಲಭವಿತ್ತು. ದೊಡ್ಡವರಾದ ಮೇಲೆ ಅವರಿಗೆ ಲ್ಯೂಕಾಸ್ ತೋರಿಸಿದ ಕೆಡುಕಿಗೆ ಮುಖವಾಡವಿರಲಿಲ್ಲ. ಅದು ನಗುಮುಖದಿಂದ ಭದ್ರತೆಯ ಭರವಸೆ ಕೊಟ್ಟಿತು, ಮತ ಕೇಳಿತು, ಪಡೆಯಿತು. ಆ ದೃಶ್ಯ ಬೇಸರ ತರಿಸಿತೆಂದು ಆಕಳಿಸಿದ ನಾವು, ನಮ್ಮ ನಮ್ಮ ಸದನಗಳ ಕಲಾಪವನ್ನಾದರೂ ಎಚ್ಚರದಿಂದ ನೋಡುತ್ತಿದ್ದೇವೆಯೇ?