ಒಂದು ಈಡಿನ ಹೊತ್ತು

ಸಿನಿಮಾದಲ್ಲಿ ಕೋವಿಗೆ ಮದ್ದು ತುಂಬುವುದನ್ನು ಯಾರೂ ತೋರಿಸುವುದಿಲ್ಲ. ನಾಯಕ ಒಂದೇ ಸಮನೆ ಹೊಡೆಯುತ್ತಾನೆ, ಖಳರು ಒಬ್ಬರ ಮೇಲೊಬ್ಬರು ಉರುಳುತ್ತಾರೆ, ನಾವು ಕಡಲೆಕಾಯಿ ಸುಲಿಯುತ್ತ ನೋಡುತ್ತೇವೆ. ಕೊಡಗಿನಲ್ಲಿರುವ ನನ್ನ ಗಂಡನ ಮನೆಯ ಕೇಪಿನ ಕೋವಿಯನ್ನು ಕಂಡವರಿಗೆ ಆ ದೃಶ್ಯ ನಗು ತರಿಸೀತು. ಅದರಲ್ಲಿ ಒಂದು ಈಡು ಹೊಡೆದು ಮತ್ತೊಂದಕ್ಕೆ ಅಣಿಯಾಗುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿರುತ್ತದೆ.

ಕೆಲಸದ ಕ್ರಮ ಹೀಗೆ. ಕೋವಿಯ ಬುಡವನ್ನು ನೆಲಕ್ಕೂರಿ ನಿಲ್ಲಿಸಬೇಕು. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ಅಳತೆ ಎಂದರೆ ಅಳತೆಯೇ, ಸಾರಿಗೆ ಉಪ್ಪು ಹಾಕುವ ಹಾಗೆ ಕೈಯಂದಾಜು ಇಲ್ಲಿ ನಡೆಯದು. ಅದರ ಮೇಲೆ ತೆಂಗಿನ ನಾರಿನ ಉಂಡೆಯನ್ನೋ ಬಟ್ಟೆಯ ಚೂರನ್ನೋ ತುರುಕಿ, ಗಜದಿಂದ ಜಡಿಯಬೇಕು. ಆಮೇಲೆ ಗುಂಡು ಅಥವಾ ಚರೆ. ಅದು ಉರುಳಿ ಬೀಳದಂತೆ ಮತ್ತಷ್ಟು ನಾರು, ಮತ್ತೆ ಗಜ. ಕೊನೆಗೆ ಸುತ್ತಿಗೆಯಂಥ ಭಾಗವನ್ನು ಹಿಂದಕ್ಕೆಳೆದು, ಅದರ ಕೆಳಗಿನ ಮೊಳೆಯಂಥ ತುದಿಗೆ ತಾಮ್ರದ ಪುಟ್ಟ ಕೇಪನ್ನು ತೊಡಿಸಬೇಕು. ಕೇಪು ಎಂದರೆ ಬೆರಳಿನ ತುದಿಗೂ ಸಾಲದಷ್ಟು ಚಿಕ್ಕ ಟೋಪಿ. ಇಷ್ಟಾದ ಮೇಲೆ ಗುರಿ. ಹೊಡೆದಾಗ ಬರುವ ಬಿಳಿ ಹೊಗೆ ಕರಗುವವರೆಗೂ ಗುರಿಗೆ ತಾಗಿತೋ ಇಲ್ಲವೋ ಹೊಡೆದವರಿಗೇ ಕಾಣುವುದಿಲ್ಲ. ಸಂಜೆ ನಳಿಗೆಗೆ ಬಿಸಿನೀರು ಹುಯ್ದು ತೊಳೆದು, ಒರೆಸಿ, ಎಣ್ಣೆ ಸವರದಿದ್ದರೆ ಮಳೆಗಾಲದಲ್ಲಿ ನಾಲ್ಕೇ ದಿನಕ್ಕೆ ತುಕ್ಕು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಆ ಕಪ್ಪು ಮದ್ದಿನ ಮಸಿ ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ನೂರು ಪಾಲು ಮದ್ದಿನಲ್ಲಿ 75 ಪಾಲು ಪೆಟ್ಲುಪ್ಪೇ. ಉಪ್ಪಿನ ಜಾಡಿ ಮಳೆಗಾಲದಲ್ಲಿ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕೆ?

ಈ ಕೇಪನ್ನು ಸಾಧ್ಯ ಮಾಡಿದವನು ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸೈತ್. ಅದಕ್ಕೆ ಮುಂಚಿನ ಕೋವಿಗಳಲ್ಲಿ ಚಕಮಕಿ ಕಲ್ಲಿನ ಕಿಡಿ ಮೊದಲು ಹೊರಗೆ ಮಿಂಚಿ, ಆಮೇಲೆ ಒಳಗಿನ ಮದ್ದು ಹತ್ತುತ್ತಿತ್ತು. ಆ ಮಿಂಚಿಗೇ ಹಕ್ಕಿಗಳು ಹಾರಿಹೋಗುತ್ತಿದ್ದುದು ಬೇಟೆಯ ಹುಚ್ಚಿನ ಪಾದ್ರಿಗೆ ಸಹಿಸಲಾಗಲಿಲ್ಲ. ಬಡಿದರೆ ಹತ್ತಿಕೊಳ್ಳುವ ಮದ್ದನ್ನು ಬಳಸುವ ವಿಧಾನಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದ. ತಾಮ್ರದ ಕೇಪು ಅದರ ಬೆನ್ನಿಗೇ ಬಂತು. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಗೆ ನುಗ್ಗಿದಾಗ ಎರಡೂ ಕಡೆ ಇದ್ದುದು ಚಕಮಕಿ ಕಲ್ಲಿನ ಬಂದೂಕುಗಳು. ನಮ್ಮ ಗೊಟ್ಟಿಗೆರೆಯಿಂದ ಸಿಟಿ ಮಾರ್ಕೆಟ್ಟಿಗೆ ಹೋಗಿ ಹೂವಿಗೆ ಚೌಕಾಸಿ ಮಾಡುತ್ತೇವಲ್ಲ, ಅದರ ಮಗ್ಗುಲಲ್ಲೇ ಆ ಕೋಟೆ. ಟಿಪ್ಪುವಿನ ಕಾರ್ಖಾನೆಯಲ್ಲಿ ತಯಾರಾದ ಬಂದೂಕುಗಳ ಮೇಲೆ ಹುಲಿಯ ಪಟ್ಟೆಗಳ ಕೆತ್ತನೆ ಇರುತ್ತಿತ್ತು. ಅವುಗಳಲ್ಲಿ ಅನೇಕವು ಈಗ ಹೊರದೇಶದ ಗಾಜಿನ ಕಪಾಟುಗಳಲ್ಲಿವೆ.

1857ರ ಕತೆ ನಾವೆಲ್ಲ ಶಾಲೆಯಲ್ಲಿ ಓದಿದ್ದು: ಕೊಬ್ಬು ಸವರಿದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು, ಸಿಪಾಯಿಗಳು ಒಲ್ಲೆನೆಂದರು. ಆದರೆ ಕೊಬ್ಬು ಯಾಕೆ ಬೇಕಿತ್ತು ಎಂದು ನಮ್ಮ ಮೇಷ್ಟರು ಹೇಳಿದ ನೆನಪಿಲ್ಲ. ಎನ್‌ಫೀಲ್ಡ್ ರೈಫಲ್ಲೂ ಬಾಯಿಂದ ತುಂಬುವ ಕೋವಿಯೇ. ನಳಿಗೆಯೊಳಗೆ ಸುರುಳಿ ಗೆರೆ ಕೊರೆದಿರುವುದರಿಂದ ಗುರಿ ಚೆನ್ನಾಗಿ ಸಾಗುತ್ತದೆ, ಆದರೆ ಗುಂಡು ಬಿಗಿಯಾಗಿ ಕೂರಬೇಕು, ಮಸಿ ಕಟ್ಟಿದ ನಳಿಗೆಯಲ್ಲಿ ಅದನ್ನು ಕೆಳಗಿಳಿಸಲು ಜಿಡ್ಡು ಬೇಕು. ಇಷ್ಟೇ ವಿಷಯ. ಈ ಜಿಡ್ಡಿನಿಂದ ಹತ್ತಿದ ಬೆಂಕಿಗೆ ಹೆದರಿದ ಸರ್ಕಾರ ಜನರ ಕೈಯ ಆಯುಧಗಳನ್ನೆಲ್ಲ ಕಿತ್ತುಕೊಳ್ಳಲು ಕಾಯಿದೆ ಮಾಡಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು, ಆಯುಧ ಕೊಟ್ಟ ಮೇಲೆ ನಮಗೆ ಉಳಿಯುವುದೇನು ಎಂದು ತಿರುಗಿಬಿದ್ದರು. 1857ರ ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಇವತ್ತಿಗೂ ಆ ಸೀಮೆಯಲ್ಲಿ ಅವರ ಲಾವಣಿ ಹಾಡುತ್ತಾರೆ.

ಅದೇ ನಾಡಿನ ಇನ್ನೊಂದು ಮೂಲೆಯಲ್ಲಿ ಆದದ್ದು ತದ್ವಿರುದ್ಧ. 1834ರಲ್ಲಿ ಕೊಡಗು ಕಂಪೆನಿಯ ವಶವಾಗಿತ್ತು. 1837ರಲ್ಲಿ ಸುಳ್ಯದ ಕಡೆಯಿಂದ ಎದ್ದ ದಂಗೆಯನ್ನು ಅಡಗಿಸಲು ಕೊಡಗಿನ ಪ್ರಮುಖರು ಬ್ರಿಟಿಷರ ಕೈಹಿಡಿದರು. ಆ ಉಪಕಾರವೂ ಮರೆಯದೆ, 1861ರ ಫೆಬ್ರುವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಆಯುಧ ಕಾಯಿದೆ ಕೊಡಗಿನವರಿಗೆ ಅನ್ವಯಿಸದು ಎಂದು ಘೋಷಿಸಿದ. ನಾವು ಸಂಜೆ ಅಡ್ಡಾಡುವ ಕಬ್ಬನ್ ಪಾರ್ಕಿನ ಕಬ್ಬನ್ ಅವನೇ. ಅದೇ ವರ್ಷ ಊರಿಗೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ನಮ್ಮ ಮನೆಯ ಗೋಡೆಗೊರಗಿ ನಿಂತ ಕೋವಿಗೆ ಹೀಗೆ ಎರಡು ತವರು: ಒಂದು ಶೌರ್ಯ, ಇನ್ನೊಂದು ಸ್ವಾಮಿನಿಷ್ಠೆಗೆ ಸಿಕ್ಕ ಇನಾಮು. ಮೊದಲನೆಯದನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಎರಡನೆಯದನ್ನು ನಾನು ಎತ್ತಿದರೆ ಊಟದ ಹೊತ್ತಿನಲ್ಲಿ ಮಾತು ನಿಲ್ಲುತ್ತದೆ. ನಾನು ತುಮಕೂರು ಸೀಮೆಯ ಹೆಣ್ಣು, ಇಷ್ಟು ತರಲೆ ನನಗೆ ಮಾಫಿ.

ಕೊಡವ ಮಾತಿನಲ್ಲಿ ಕೋವಿಗೆ ತೋಕ್ ಎನ್ನುತ್ತಾರೆ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ, ಕೈಲ್‌ಪೊಳ್ದ್ ಹಬ್ಬ. ಗದ್ದೆ ಕೆಲಸದ ತಿಂಗಳುಗಳಲ್ಲಿ ಒಳಗಿಟ್ಟ ಆಯುಧಗಳನ್ನು ಹೊರತೆಗೆದು, ಗಂಧ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೆಂಪು ಹಳದಿಯ ಜ್ವಾಲೆಯಂಥ ಆ ಹೂವೇ ನಮ್ಮ ಕಡೆಯ ಅಗ್ನಿಶಿಖೆ. ಕಡಂಬಿಟ್ಟು, ಹಂದಿ ಸಾರಿನ ಊಟವಾದ ಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು. ದೂರದಲ್ಲಿ ಕಾಯಿ ಕಟ್ಟಿರುತ್ತಾರೆ. ಅವಸರವೇ ಇಲ್ಲದ ಆಟ ಅದು. ಒಬ್ಬರು ಬರುತ್ತಾರೆ, ಕಾಲು ಊರುತ್ತಾರೆ, ಉಸಿರು ಬಿಡುತ್ತಾರೆ, ಯಾರೋ ಏನೋ ಅಂದದ್ದಕ್ಕೆ ನಕ್ಕು ಕೋವಿ ಇಳಿಸಿ, ಮತ್ತೆ ಎತ್ತುತ್ತಾರೆ. ಈಗ ಹೆಚ್ಚಿನವರ ಕೈಯಲ್ಲಿ ತೋಟೆ ಕೋವಿ. ಹೆಂಗಸರೂ ಸಾಲಿನಲ್ಲಿ ನಿಲ್ಲುತ್ತಾರೆ, ಸೀರೆಯ ನೆರಿಗೆ ಹಿಂದಕ್ಕಿರುವ ಕೊಡವ ಉಡುಗೆಯಲ್ಲಿ ಕಾಲೂರಿ ನಿಲ್ಲುವುದು ನಮ್ಮ ಉಡುಗೆಗಿಂತ ಸಲೀಸು ಎಂದು ನನ್ನ ಅಭಿಪ್ರಾಯ.

ಬಾಯಿಂದ ತುಂಬುವ ಕೋವಿಗಳಿಗೆಂದೇ 1971ರಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿ, ಜಾಗತಿಕ ಪಂದ್ಯಗಳನ್ನು ನಡೆಸುತ್ತಿದೆ. ಅದರ ನಿಯಮ ಕೇಳಿ: ಅರ್ಧ ಗಂಟೆಯಲ್ಲಿ 13 ಈಡು, ಅದರಲ್ಲಿ ಒಳ್ಳೆಯ ಹತ್ತು ಮಾತ್ರ ಲೆಕ್ಕಕ್ಕೆ. ಒಂದೊಂದಕ್ಕೆ ಎರಡು ನಿಮಿಷದ ಮೇಲಾಯಿತು. ಮೂರು ಕೆಟ್ಟರೂ ಚಿಂತೆಯಿಲ್ಲ ಎನ್ನುವ ಪರೀಕ್ಷೆ ನಮ್ಮ ಮಕ್ಕಳಿಗೆ ಎಲ್ಲಿ ಸಿಗಬೇಕು!

ಈ ನಿಧಾನದ ಬೆಲೆಯನ್ನು ನಾನು ಕಲಿತದ್ದು ಮೈದಾನದಲ್ಲಲ್ಲ, ಮನೆಯೊಳಗೆ. ನನ್ನ ಅತ್ತೆಯನ್ನು ನಾವು ಮಾವಿ ಎನ್ನುತ್ತೇವೆ. ಮಾವಿಯ ಸಂಸಾರದಲ್ಲಿ ಕೋವಿ ಒಂದು ಕೋಣೆಯಲ್ಲಿ, ಮದ್ದು ಅಟ್ಟದ ಡಬ್ಬಿಯಲ್ಲಿ, ಕೇಪುಗಳು ಮಾತ್ರ ಅವರ ಸೊಂಟದ ಚೀಲದಲ್ಲಿ, ಅಡಿಕೆ ಚೂರಿನ ಜೊತೆ. ಯಾರು ಕೇಳಿದರೂ ಎಣಿಸಿ ಕೊಡುವುದು, ಎಣಿಸಿ ವಾಪಸು ಇಸಿದುಕೊಳ್ಳುವುದು. ನನ್ನ ಮದುವೆಗೆ ಬಹಳ ಹಿಂದೆ, ಗದ್ದೆಯ ಬದುವಿನ ಜಗಳದಲ್ಲಿ ಕುಡಿದು ಬಂದ ಸಂಬಂಧಿಕರೊಬ್ಬರು ಕೋವಿ ಕೈಗೆತ್ತಿಕೊಂಡು, ಅಟ್ಟ ಹತ್ತಿ ಮದ್ದು ಇಳಿಸಿ, ನಡುಗುವ ಕೈಯಲ್ಲಿ ಅರ್ಧ ನೆಲಕ್ಕೆ ಚೆಲ್ಲಿ, ಗಜ ಜಡಿದು, ಕೊನೆಗೆ ಮಾವಿಯ ಮುಂದೆ ಬಂದು ನಿಂತರಂತೆ.

“ಕೇಪು ಕೊಡು.”

“ಕೂತುಕೊಳ್ಳಿ. ಒಲೆ ಮೇಲೆ ಕಾಫಿ ಇದೆ. ಕುಡಿದು ತೆಗೆದುಕೊಂಡು ಹೋಗಿ,” ಎಂದರಂತೆ ಮಾವಿ.

ಕಾಫಿ ಕುಡಿದವರು ಅಲ್ಲೇ ಜಗಲಿಯಲ್ಲಿ ನಿದ್ದೆ ಹೋದರು. ತುಂಬಿದ ಕೋವಿಯನ್ನು ಬೆಳಿಗ್ಗೆ ಮಾವ ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಹೊಡೆದು ಖಾಲಿ ಮಾಡಿದರು. ಇದನ್ನು ಮಾವಿ ದೊಡ್ಡ ಸಾಹಸವೆಂದು ಹೇಳುವುದಿಲ್ಲ, ಬೆಲ್ಲದ ಭರಣಿಗೆ ಇರುವೆ ಬರದಂತೆ ನೋಡಿಕೊಂಡೆ ಅನ್ನುವ ಧಾಟಿಯಲ್ಲಿ ಹೇಳುತ್ತಾರೆ. ಆದರೆ ಮನೆಗೆ ಜೋಡಿ ನಳಿಗೆಯ ತೋಟೆ ಕೋವಿ ಬಂದ ದಿನದಿಂದ ಅವರಿಗೆ ನೆಮ್ಮದಿಯ ನಿದ್ದೆಯಿಲ್ಲ. ಮಡಚಿ, ತೋಟೆ ಸಿಕ್ಕಿಸಿ, ನೆಟ್ಟಗೆ ಮಾಡಿದರೆ ಮುಗಿಯಿತು. ನಡುವೆ ಕಾಫಿಗೆ ಜಾಗವೇ ಇಲ್ಲ.

ಈಗ ಮಾವಿಗೆ ಎಂಬತ್ತು ದಾಟಿದೆ. ಮಾವ ಹೋದಾಗ ಊರಿಗೆ ಸುದ್ದಿ ಮುಟ್ಟಿಸಲು ಬೆನ್ನುಬೆನ್ನಿಗೆ ಎರಡು ಈಡು ಹೊಡೆದರು, ಅದು ಅಲ್ಲಿಯ ಪದ್ಧತಿ. ಗಂಡು ಮಗು ಹುಟ್ಟಿದರೆ ಒಂದು. ಹೆಣ್ಣು ಹುಟ್ಟಿದರೆ? ನನ್ನ ಮಗಳು ಇದನ್ನು ಕೇಳಿಯೇ ಬಿಟ್ಟಳು. “ನೀನು ಬೆಂಗಳೂರಿನ ನರ್ಸಿಂಗ್ ಹೋಮಿನಲ್ಲಿ ಹುಟ್ಟಿದೆ ಮೂಡಿ, ಅಲ್ಲಿ ಹೊಡೆದಿದ್ದರೆ ಪೊಲೀಸರು ಬರುತ್ತಿದ್ದರು,” ಎಂದು ಮಾವಿ ನಕ್ಕು ತೇಲಿಸಿದರು. ಮಗಳು ನಗಲಿಲ್ಲ. ಮಾರನೆಯ ವರ್ಷದ ಹಬ್ಬದಲ್ಲಿ ಅವಳಿಗೆ ಆ ಹಳೆಯ ಕೋವಿಯನ್ನು ತುಂಬಲು ಹೇಳಿಕೊಟ್ಟದ್ದು ಮಾವಿಯೇ. ಕಾಯಿಗೆ ತಾಗಲಿಲ್ಲ, ಪಕ್ಕದ ಕೊಂಬೆಯ ಎಲೆ ಉದುರಿತು.

ಗಂಡನ ಅಣ್ಣತಮ್ಮಂದಿರು ತೋಟೆ ಕೋವಿ ಇರಲಿ, ಹಳೆಯದನ್ನು ಸರ್ಕಾರಕ್ಕೆ ಒಪ್ಪಿಸಿಬಿಡೋಣ ಎನ್ನುತ್ತಾರೆ. ಮಾವಿಯದು ಇದಕ್ಕೆ ನೇರ ಉಲ್ಟಾ ಹಟ. ಕಾಯಿದೆಯೇನೋ ಇನ್ನೂ ಅಡ್ಡ ಬಂದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಒಂದು ಜನಕ್ಕೆ ಮಾತ್ರ ಈ ರಿಯಾಯಿತಿ ಸರಿಯೇ ಎಂದು ಯಾರೋ ಕೇಳಿದ್ದಕ್ಕೆ, ಸರಿ ಎಂದು 2021ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. 2029ರ ಅಕ್ಟೋಬರಿನ ತನಕ ಚಿಂತೆಯಿಲ್ಲ. ಮಾವಿಯನ್ನು ಗೊಟ್ಟಿಗೆರೆಗೆ ಕರೆತರುವ ಮಾತು ಬಂದಾಗಲೆಲ್ಲ ಅವರು ಕೇಳುವುದು ಒಂದೇ: ಹಳೆಯ ಕೋವಿ ಎಲ್ಲಿಡುತ್ತೀ? ನಮ್ಮದು ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಅಟ್ಟವೆಂದರೆ ಸ್ನಾನದ ಮನೆಯ ಮೇಲಿನ ಗೂಡು, ಅದರ ತುಂಬ ಹಳೆಯ ಸೂಟ್‌ಕೇಸುಗಳು.

ಕಳೆದ ಹಬ್ಬಕ್ಕೆ ಹೋದಾಗ ಮಾವಿ ಕೇಪುಗಳನ್ನು ಚೀಲದಿಂದ ಸುರಿದು ಎಣಿಸಿದರು, ಇಪ್ಪತ್ತಮೂರು. ನನ್ನ ಕೈಯಲ್ಲೂ ಎಣಿಸಿಸಿದರು. ಆಮೇಲೆ ಮಗಳನ್ನು ಕರೆದು, ಬಿಸಿನೀರು ಕಾದಿದೆಯೇ ನೋಡು, ನಳಿಗೆ ತೊಳೆಯಬೇಕು ಎಂದರು.