ಬೆಳವಲ ಹಣ್ಣಿನ ಪೋಷಕಾಂಶ: ನಿಂಬೆಯ ಕುಟುಂಬದಲ್ಲಿ ಬೇರೆಯೇ ಒಂದು ಲೆಕ್ಕ

ಮಲಪ್ರಭೆಯ ದಂಡೆಯ ಮೆಣಸಗಿಯಿಂದ ರೋಣ, ನರಗುಂದದವರೆಗೆ ಹರಡಿರುವುದು ಎರೆಭೂಮಿ. ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುವ ಈ ಮಣ್ಣು ನಿಂಬೆ, ಮೋಸಂಬಿಗಳ ಬೇರಿಗೆ ಅಷ್ಟಾಗಿ ಒಗ್ಗದು. ಅದೇ ರೂಟೇಸೀ ಕುಟುಂಬದ ಬೆಳವಲ ಮಾತ್ರ ಬಯಲುಸೀಮೆಯ ಬರವನ್ನೂ ಬಡ ನೆಲವನ್ನೂ ತಾಳಿಕೊಳ್ಳುತ್ತದೆ. ಮೈಸೂರು ಕಡೆಯವರ ‘ಬೇಲ’ ಇದೇ. 1762ರಲ್ಲಿ ಲಿನೇಯಸ್ ಇದಕ್ಕೆ ಲಿಮೋನಿಯಾ ಅಸಿಡಿಸ್ಸಿಮಾ ಎಂದು ಹೆಸರಿಟ್ಟ. ಎರಡನೆಯ ಪದಕ್ಕೆ ‘ಅತಿ ಹುಳಿ’ ಎಂದರ್ಥ. ಹಿಂದಿಯ ‘ಬೇಲ್’ ನಮ್ಮ ಬಿಲ್ವ, ಬೇರೆ ಮರ. ಪೋಷಕಾಂಶದ ಕೋಷ್ಟಕಗಳನ್ನು ಓದುವವರು ಇಲ್ಲಿ ಎಡವುವುದುಂಟು.

ಹುಳಿ ಎಂದೊಡನೆ ಸಿ ಜೀವಸತ್ವ ನೆನಪಾಗುತ್ತದೆ. ಬೆಳವಲದಲ್ಲಿ ಆ ನಿರೀಕ್ಷೆ ಸುಳ್ಳಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗಾಗಿ ಸಿ. ಗೋಪಾಲನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಕೋಷ್ಟಕದಲ್ಲಿ 100 ಗ್ರಾಂ ಬೆಳವಲಕ್ಕೆ ಸಿ ಜೀವಸತ್ವ ಬರೀ 3 ಮಿ.ಗ್ರಾಂ, ನಿಂಬೆಗೆ 39. ಆದರೆ ನಿಂಬೆಯಲ್ಲಿ 1 ಗ್ರಾಂ ಇರುವ ಪ್ರೋಟೀನು ಇಲ್ಲಿ 7.1 ಗ್ರಾಂ, ಕೊಬ್ಬು 3.7, ನಾರು 5, ಶರ್ಕರಪಿಷ್ಟ 18.1, ಕ್ಯಾಲ್ಸಿಯಂ 130 ಮಿ.ಗ್ರಾಂ, ರಂಜಕ 110. ಶಕ್ತಿ 134 ಕಿಲೋಕ್ಯಾಲರಿ.

ಹಣ್ಣೊಂದರಲ್ಲಿ ಇಷ್ಟು ಪ್ರೋಟೀನು ಹೇಗೆ? ಬೆಳವಲವನ್ನು ಕಲ್ಲಿಗೆ ಕುಟ್ಟಿ ಒಡೆದು ನೋಡಬೇಕು. ಬೂದುಬಿಳಿ ಬಣ್ಣದ, ಕಟ್ಟಿಗೆಯಂಥ ಚಿಪ್ಪಿನೊಳಗೆ ಕಂದು ತಿರುಳು. ಬೆರಳಿಗೆ ಅಂಟುವ ಆ ತಿರುಳಿನ ತುಂಬ ಸಣ್ಣ ಬೀಜಗಳು. ತಿರುಳನ್ನೂ ಬೀಜವನ್ನೂ ಬೇರ್ಪಡಿಸಿ ತಿನ್ನುವುದು ಆಗದ ಮಾತು. ಕಿತ್ತಳೆಯ ಬೀಜವನ್ನು ಉಗುಳುತ್ತೇವೆ, ಇದರದನ್ನು ನುಂಗುತ್ತೇವೆ. ಕೋಷ್ಟಕದ ಪ್ರೋಟೀನು, ಕೊಬ್ಬುಗಳ ಬಹುಪಾಲು ಈ ಬೀಜಗಳದ್ದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಿದ್ದರೆ ಒಂದು ಪ್ರಶ್ನೆ ಉಳಿಯುತ್ತದೆ: ಅಗಿಯದೆ ನುಂಗಿದ ಬೀಜ ಜೀರ್ಣವಾಗದೆ ಹೊರಹೋದರೆ, ಆ 7.1 ಗ್ರಾಂ ದೇಹಕ್ಕೆ ದಕ್ಕೀತೆ? ಬೀಜ ಸೋಸಿ ಮಾಡಿದ ಪಾನಕಕ್ಕಂತೂ ಈ ಅಂಕಿಯನ್ನು ಅನ್ವಯಿಸುವಂತಿಲ್ಲ. ಆದ್ದರಿಂದ ಇನ್ನು ಮುಂದಿನ ವಿಶ್ಲೇಷಣೆಗಳು ತಿರುಳು, ಬೀಜ ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಬೀಜವನ್ನು ದಕ್ಕಿಸಿಕೊಳ್ಳಲು ಒಂದು ದಾರಿ ಮೊದಲಿನಿಂದಲೂ ಇದೆ: ಬೆಳವಲಕಾಯಿ ಚಟ್ನಿ. ಬೀಜ ಗಟ್ಟಿಯಾಗದ ಕಾಯಿಯ ತಿರುಳಿಗೆ ಹಸಿಮೆಣಸಿನಕಾಯಿ, ಬೆಲ್ಲ, ಜೀರಿಗೆ, ಉಪ್ಪು ಸೇರಿಸಿ ಒರಳಲ್ಲಿ ರುಬ್ಬುತ್ತಾರೆ. ಬೀಜ ನುರಿಯುತ್ತದೆ. ಅದೇ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿಮೆಣಸಿನಕಾಯಿಯಲ್ಲಿ ಸಿ ಜೀವಸತ್ವ 111 ಮಿ.ಗ್ರಾಂ, ಬೆಳವಲದಲ್ಲಿ ಕಡಿಮೆ ಇರುವುದನ್ನು ಹತ್ತು ಗ್ರಾಂ ಮೆಣಸಿನಕಾಯಿಯೂ ಒಂದಿಷ್ಟು ತುಂಬಿಕೊಡುತ್ತದೆ. ಚಟ್ನಿಯನ್ನು ಬೇಯಿಸದಿರುವುದರಿಂದ ಕಾವಿಗೆ ಅದು ನಷ್ಟವಾಗುವುದೂ ಇಲ್ಲ. ಪಕ್ಕದ ಜೋಳದ ರೊಟ್ಟಿಯ ಹಿಟ್ಟಿನಲ್ಲಿ, 100 ಗ್ರಾಂಗೆ, ಕ್ಯಾಲ್ಸಿಯಂ 25 ಮಿ.ಗ್ರಾಂ ಮಾತ್ರ; ಆ ಕೊರತೆಯನ್ನು ಬೆಳವಲದ 130 ಒಂದಿಷ್ಟು ನೀಗಿಸುತ್ತದೆ.